ಫಸಲಿ 1358ರ ಕಡತಗಳನ್ನು ಈಗಲೇ ಎಣಿಸಿ

ಕರಾವಳಿಯ ಬೆಳ್ಮಣ್ಣಿನ ಸುತ್ತಮುತ್ತ ಜಾಗದ ತಕರಾರು ಎದ್ದರೆ ಮೊದಲು ಬರುವ ಪ್ರಶ್ನೆ, "ಡಿಕ್ಲರೇಷನಿನ ಕಾಗದ ಉಂಟಾ?" ಎಂಬುದು. 1974ರ ಭೂಸುಧಾರಣೆಯ ಹೊತ್ತಿಗೆ ನಂಬ್ರ 7ರ ಫಾರಂ ತುಂಬಿಸಿ, ಭೂನ್ಯಾಯ ಮಂಡಳಿಯ ಎದುರು ನಿಂತು ಹೇಳಿಕೆ ಕೊಟ್ಟು, ಅಧಿಕಾರ ಪತ್ರ ಹಿಡಿದು ಮನೆಗೆ ಬಂದ ಗೇಣಿದಾರರ ಮೊಮ್ಮಕ್ಕಳು ಇಲ್ಲಿ ಹೆಜ್ಜೆಗೊಬ್ಬರು ಸಿಗುತ್ತಾರೆ. ನಮ್ಮ ಮನೆಯ ಕಾಗದ ಅಟ್ಟದ ಮೇಲೆ ಮರದ ಪೆಟ್ಟಿಗೆಯಲ್ಲಿತ್ತು. ಒಂದು ಆಟಿ ತಿಂಗಳಲ್ಲಿ ಹಂಚು ಸರಿದು ನೀರು ಇಳಿಯಿತು, ಹಿಂದಿನಿಂದ ಗೆದ್ದಲು ಬಂತು. ನಕಲು ಬೇಕೆಂದು ಕಚೇರಿಗೆ ಮೂರು ವರ್ಷ ಅಲೆದೆ. ಕೊನೆಗೆ ಸಿಕ್ಕಿದ್ದು ಒಂದು ಸಾಲಿನ ಹಿಂಬರಹ: ಕಡತ ಲಭ್ಯವಿಲ್ಲ. ಜಾಗ ಉಳಿಯಿತು, ಅದು ಬೇರೆ ಮಾತು. ಆದರೆ ಮಂಡಳಿಯ ಎದುರು ನನ್ನ ಅಜ್ಜ ಏನು ಹೇಳಿದ್ದರು, ಧಣಿಗಳ ಪರವಾಗಿ ಯಾರು ಏನು ಹೇಳಿದ್ದರು ಎಂಬುದು ಶಾಶ್ವತವಾಗಿ ಹೋಯಿತು. ಆ ಜಾಗದ ಬಗ್ಗೆ ಈಗ ಮನೆಯಲ್ಲಿ ಮೂರು ಕಥೆಗಳಿವೆ. ಒಂದೊಂದು ಕಥೆಯಲ್ಲಿಯೂ ಬೇರೆ ಬೇರೆಯವರು ಕೆಟ್ಟವರು.

ಒಂದು ಗದ್ದೆಯ ಕಡತ ಕಳೆದರೆ ಒಂದು ಮನೆಯಲ್ಲಿ ಜಗಳ. ಸೇನೆಯ ಆಡಳಿತದಲ್ಲಿ ನಡೆದ ವಿಶೇಷ ನ್ಯಾಯಾಲಯಗಳ ಕಡತ ಕಳೆದರೆ ಜಿಲ್ಲೆ ಜಿಲ್ಲೆಗಳೇ ತಲೆಮಾರುಗಳವರೆಗೆ ಜಗಳಾಡುತ್ತವೆ. ನಮ್ಮದೇ ರಾಜ್ಯದಲ್ಲಿ ಅಂಥ ಕಡತಗಳಿವೆ, ಅವುಗಳ ಕಾಲ ಮುಗಿಯುತ್ತ ಬಂದಿದೆ. ಎಚ್ಚರಿಕೆ ಹೇಳುವುದಕ್ಕೆ ಇದೇ ಹೊತ್ತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದ ಗಡಿ ದಾಟಿತು. 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಶರಣಾದ. ಮರುದಿನ ಮೇಜರ್ ಜನರಲ್ ಜೆ. ಎನ್. ಚೌಧುರಿ ಮಿಲಿಟರಿ ಗವರ್ನರ್ ಆಗಿ ಅಧಿಕಾರ ಹಿಡಿದರು. ಕಲಬುರಗಿ, ರಾಯಚೂರು, ಬೀದರಿನ ಜನ ಇದನ್ನು ವಿಮೋಚನೆ ಎಂದು ಕರೆಯುತ್ತಾರೆ. ನಿಜಾಮನ ಪರವಾಗಿ ನಿಂತ ಖಾಸಗಿ ಪಡೆಯಾದ ರಜಾಕಾರರ ಕೈಯಲ್ಲಿ ಅವರು ಪಟ್ಟ ಪಾಡು ಬಲ್ಲ ಯಾರೂ ಆ ಮಾತಿಗೆ ಅಡ್ಡ ಹೇಳಲಾರರು. ಬೀದರ್ ಜಿಲ್ಲೆಯ ಗೋರಟಾ ಊರಿನಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಗಳನ್ನು ಆ ಸೀಮೆ ಇವತ್ತಿಗೂ ಮರೆತಿಲ್ಲ. ಆದರೆ ಇನ್ನೊಂದು ಸಂಗತಿಯೂ ಅಷ್ಟೇ ನಿಜ. ಸೇನೆ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಕಾನೂನು ಮಾಡುತ್ತಿದ್ದುದು ಮಿಲಿಟರಿ ಗವರ್ನರ್. ಶಾಸನಸಭೆ ಇರಲಿಲ್ಲ, ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ.

ಆ ಕಾಲದಲ್ಲಿ ಹೊರಟ ಕಾನೂನುಗಳಲ್ಲಿ ಒಂದು ಫಸಲಿ 1358ರ ಐದನೆಯ ರೆಗ್ಯುಲೇಷನ್. ಫಸಲಿ ಎಂದರೆ ನಿಜಾಮರ ಸರಕಾರಿ ಪಂಚಾಂಗ. ಫಸಲಿ 1358 ಎಂದರೆ ಸುಮಾರಾಗಿ 1948ರ ಅಕ್ಟೋಬರಿನಿಂದ ಮುಂದಿನ ಸೆಪ್ಟೆಂಬರಿನವರೆಗೆ. ಮಿಲಿಟರಿ ಗವರ್ನರ್ ತನ್ನ ಆದೇಶದಿಂದಲೇ ಮೂವರು ಸದಸ್ಯರ ಸ್ಪೆಷಲ್ ಟ್ರಿಬ್ಯುನಲ್‌ಗಳನ್ನು ನೇಮಿಸಬಹುದು, ಯಾವ ಪ್ರಕರಣ ಬೇಕಾದರೂ ಅವುಗಳಿಗೆ ಒಪ್ಪಿಸಬಹುದು ಎಂದಿತು ಅದು. ರಜಾಕಾರರನ್ನು, ಅವರಿಗೆ ನೆರವಾದರೆಂಬ ಆರೋಪ ಹೊತ್ತ ಅಧಿಕಾರಿಗಳನ್ನು, ಇನ್ನೊಂದು ಕಡೆ ತೆಲಂಗಾಣದ ಕಮ್ಯುನಿಸ್ಟ್ ಹೋರಾಟದಲ್ಲಿ ಹಿಡಿದ ರೈತರನ್ನು ನಿಲ್ಲಿಸಿದ್ದು ಇಂಥ ಕಟಕಟೆಗಳಲ್ಲಿ. 1949ರ ಕೊನೆಗೆ, ಫಸಲಿ 1359ರ ಹತ್ತನೆಯ ರೆಗ್ಯುಲೇಷನಿನ ಮೂಲಕ ಟ್ರಿಬ್ಯುನಲ್‌ಗಳನ್ನು ಮುಗಿಸಿ ಉಳಿದ ಮೊಕದ್ದಮೆಗಳನ್ನು ವಿಶೇಷ ನ್ಯಾಯಾಧೀಶರಿಗೆ ದಾಟಿಸಲಾಯಿತು.

ಇವುಗಳಲ್ಲಿ ದೊಡ್ಡ ಹೆಸರುಗಳ ಕಥೆ ನಮಗೆ ಗೊತ್ತಿದೆ. ರಜಾಕಾರರ ಮುಖಂಡ, ಲಾತೂರಿನ ವಕೀಲ ಖಾಸಿಂ ರಜ್ವಿ ಬೀಬೀನಗರದ ಪ್ರಕರಣದಲ್ಲಿ ಏಳು ವರ್ಷದ ಶಿಕ್ಷೆ ಪಡೆದು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ವಾರಂಗಲ್ಲಿನ ಸುಬೇದಾರನಾಗಿದ್ದ ಹಬೀಬ್ ಮೊಹಮ್ಮದ್ ಮೇಲೆ ಗುರ್ತೂರು ಎಂಬ ಊರಿಗೆ ಬೆಂಕಿ ಹಚ್ಚಿಸಿದ, ಕೊಲೆ ಮಾಡಿಸಿದ ಆರೋಪವಿತ್ತು. ಅವನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸ್ಥಳದಲ್ಲಿದ್ದ ಮುಖ್ಯ ಸಾಕ್ಷಿಯಾದ ಪೊಲೀಸ್ ಅಧಿಕಾರಿಯನ್ನೇ ಪ್ರಾಸಿಕ್ಯೂಷನ್ ಕರೆಸಲಿಲ್ಲವೆಂದು ಹೇಳಿ ಕೋರ್ಟು 1953ರ ಅಕ್ಟೋಬರಿನಲ್ಲಿ ಅವನನ್ನು ಬಿಟ್ಟಿತು. ಇವತ್ತಿಗೂ ಕ್ರಿಮಿನಲ್ ವಕೀಲರು ಆ ತೀರ್ಪನ್ನು ಎತ್ತಿ ಹೇಳುತ್ತಾರೆ. ನಲ್ಗೊಂಡ ಕಡೆಯ ಜನಾರ್ದನ ರೆಡ್ಡಿ ಮತ್ತು ಸಂಗಡಿಗರಿಗೆ ಟ್ರಿಬ್ಯುನಲ್ 1949ರಲ್ಲಿ ಗಲ್ಲು ವಿಧಿಸಿತ್ತು. ಅವರ ಪರವಾಗಿ ವಾದಿಸಲು ಲಂಡನ್ನಿನಿಂದ ಬ್ಯಾರಿಸ್ಟರ್ ಡಿ. ಎನ್. ಪ್ರಿಟ್ ಬಂದರು. ತಮಗೆ ವಕೀಲರನ್ನು ಇಟ್ಟುಕೊಳ್ಳುವ ಸರಿಯಾದ ಅವಕಾಶವೇ ಸಿಗಲಿಲ್ಲ ಎಂಬುದು ಆ ರೈತರ ದೂರು. ಸುಪ್ರೀಂ ಕೋರ್ಟು ಅವರಿಗೆ ಬಾಗಿಲು ತೆರೆಯಲಿಲ್ಲ. ಸಂವಿಧಾನ ಬಂದದ್ದು 1950ರ ಜನವರಿ 26ಕ್ಕೆ, ನಿಮ್ಮ ತೀರ್ಪು ಅದಕ್ಕಿಂತ ಮೊದಲೇ ಮುಗಿದಿದೆ, ಹಿಂದಕ್ಕೆ ಹೋಗಿ ಅದನ್ನು ಬಿಚ್ಚಲಾಗದು ಎಂಬ ಅರ್ಥದ ತೀರ್ಮಾನ ಅದು. ಅವರ ಪ್ರಾಣ ಉಳಿದದ್ದು ಗಲ್ಲು ಜೀವಾವಧಿಯಾಗಿ ಬದಲಾದ್ದರಿಂದ.

ಈ ತೀರ್ಮಾನದ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಅದರ ಪರಿಣಾಮ ನೋಡಿ. 1950ಕ್ಕಿಂತ ಮೊದಲು ಅಂತಿಮ ತೀರ್ಪು ಕೇಳಿದವನಿಗೆ, ತಪ್ಪಾಗಿ ಶಿಕ್ಷೆಯಾಗಿದ್ದರೂ ಸರಿಯಾಗಿಯೇ ಆಗಿದ್ದರೂ, ಹೊಸ ಸಂವಿಧಾನದ ಆಸರೆ ಸಿಗಲಿಲ್ಲ. ಅವನ ಪಾಲಿಗೆ ಉಳಿದದ್ದು ಕಡತವೊಂದೇ. ಮೇಲ್ಮನವಿಗೆ ದುಡ್ಡಿದ್ದವನ ಹೆಸರು, ಲಂಡನ್ನಿನ ವಕೀಲ ಸಿಕ್ಕವನ ಹೆಸರು ಅಚ್ಚಾದ ಕಾನೂನು ವರದಿಗಳಲ್ಲಿ ಭದ್ರವಾಗಿದೆ. ಆಳಂದದ, ಚಿಂಚೋಳಿಯ, ಹುಮನಾಬಾದಿನ ಬಡವನಿಗೆ ಅಂಥ ಅಚ್ಚು ಎಲ್ಲಿಂದ ಬರಬೇಕು? ಅವನ ಮಾತು ಇರುವುದು ಕೆಳಗಿನ ಕೋರ್ಟಿನ ಬಂಡಲಿನಲ್ಲಿ, ಬಟ್ಟೆ ಸುತ್ತಿ ದಾರ ಕಟ್ಟಿದ ಕಾಗದದಲ್ಲಿ. ಗಂಡನನ್ನು ಕಳೆದುಕೊಂಡು ಸಾಕ್ಷಿ ಹೇಳಲು ಬಂದ ಹೆಂಗಸಿನ ಮಾತು ಇರುವುದೂ ಅದೇ ಬಂಡಲಿನಲ್ಲಿ. ಬೇರೆ ಯಾವ ಪುಸ್ತಕದಲ್ಲಿಯೂ ಆಕೆಯ ಹೆಸರು ಬಂದಿರಲಿಕ್ಕಿಲ್ಲ.

ಕಡತ ಇಲ್ಲದ ಕಡೆ ವದಂತಿ ಬಂದು ಕೂರುತ್ತದೆ. ಅದಕ್ಕೆ ದೊಡ್ಡ ಉದಾಹರಣೆ ಇದೇ 1948ರದ್ದು. ಸೇನಾ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಿ ಬರಲು ದಿಲ್ಲಿಯ ಸರಕಾರ ಪಂಡಿತ್ ಸುಂದರಲಾಲ್ ಅವರ ತಂಡವನ್ನು ಕಳಿಸಿತು. ತಂಡ ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸುತ್ತಾಡಿತು. ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇವೆ. ಉಳಿದೆರಡು ಉಸ್ಮಾನಾಬಾದ್, ನಾಂದೇಡ್. ಅದಕ್ಕಿಂತ ಮೊದಲು ರಜಾಕಾರರು ನಡೆಸಿದ ಕ್ರೌರ್ಯವನ್ನೂ ಅದೇ ವರದಿ ಹೇಳುತ್ತದೆ. ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ಅರವತ್ತೈದು ವರ್ಷ ಅದು ಮುಚ್ಚಿದ ಕಪಾಟಿನಲ್ಲಿತ್ತು. ಆ ಅರವತ್ತೈದು ವರ್ಷಗಳಲ್ಲಿ ಒಂದು ಕಡೆಯವರು ಏನೂ ಆಗಲಿಲ್ಲವೆಂದರು, ಇನ್ನೊಂದು ಕಡೆಯವರು ಬಾಯಿಗೆ ಬಂದ ಲೆಕ್ಕ ಹೇಳಿದರು. ಎರಡೂ ಕಡೆಯ ಮಕ್ಕಳು ಅದನ್ನೇ ಕಲಿತು ದೊಡ್ಡವರಾದರು. ಹೊರಗೆ ಬಂದ ವರದಿಯಲ್ಲಿಯೂ ಇರುವುದು ಅಂದಾಜು. ಇಂಥ ಊರಿನಲ್ಲಿ, ಇಂಥ ದಿನ, ಇಂಥವನು ಎಂಬ ವಿವರ ಬೇಕಾದರೆ ಮಹಜರು, ಸಾಕ್ಷಿ ಹೇಳಿಕೆ, ಆರೋಪಿಯ ಉತ್ತರ, ತೀರ್ಪು ಇವುಗಳೇ ಗತಿ.

ಕರಾವಳಿಯವರಿಗೆ ಈ ಪಾಠ ಹೊಸತಲ್ಲ. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ದಂಡು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತನ್ನದನ್ನು ಹಾರಿಸಿತು. ಎರಡು ವಾರಕ್ಕೆ ಒಂದು ದಿನ ಕಡಿಮೆ ಎನ್ನುವಷ್ಟು ಕಾಲ ಮಂಗಳೂರು ಅವರ ಕೈಯಲ್ಲಿತ್ತು. ಕಂಪನಿಯ ಪಡೆ ಮರಳಿ ಬಂದ ಮೇಲೆ ದಂಡಿನ ಮುಂದಾಳು ಕಲ್ಯಾಣಸ್ವಾಮಿಯನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದರು. ನಮ್ಮ ಹಿರಿಯರ ಬಾಯಲ್ಲಿ ಈ ಇಡೀ ಘಟನೆಗೆ ಉಳಿದ ಹೆಸರು "ಕಲ್ಯಾಣಪ್ಪನ ಕಾಟಕಾಯಿ", ಅಂದರೆ ಕೊಳ್ಳೆ, ದಾಂಧಲೆ. ಗೆದ್ದವರು ಇಟ್ಟ ಹಣೆಪಟ್ಟಿಯನ್ನು ನಮ್ಮ ಅಜ್ಜಿಯಂದಿರೇ ಹೊತ್ತುಕೊಂಡು ಬಂದರು. ಆ ದಂಡಿನ ಮತ್ತೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ, 185 ವರ್ಷದ ನಂತರ. ಕಾಟಕಾಯಿ ಎಂದವರು, ಸ್ವಾತಂತ್ರ್ಯ ಸಂಗ್ರಾಮ ಎನ್ನುವವರು ಇಬ್ಬರೂ ಹೋಗಿ ತಡಕಬೇಕಾದ್ದು ಕಂಪನಿಯ ಕಾಗದಗಳನ್ನೇ. ಅವು ಇರುವುದಾದರೂ ಎಲ್ಲಿ? ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಬೆಳ್ಮಣ್ಣಿನವನು ತನ್ನ ಜಿಲ್ಲೆಯ ಹಳೆಯ ಚರಿತ್ರೆ ಹುಡುಕಬೇಕಾದರೆ ಚೆನ್ನೈಯ ಎಗ್ಮೋರಿಗೆ ಹೋಗಬೇಕು, ಇಲ್ಲವೇ ಲಂಡನ್ನಿಗೆ.

ಅದೇ ನವೆಂಬರ್ 1ರಂದು ಕಲ್ಯಾಣ ಕರ್ನಾಟಕಕ್ಕೂ ಹಾಗೆಯೇ ಆಯಿತು. ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಕನ್ನಡದ ಜಿಲ್ಲೆಗಳು ಮೈಸೂರಿಗೆ, ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ. ಜನ ಹಂಚಿಹೋದಷ್ಟು ಸುಲಭವಾಗಿ ಕಡತ ಹಂಚಿಹೋಗುವುದಿಲ್ಲ. ರಾಜಧಾನಿಯ ಕಾಗದಗಳು ಹೈದರಾಬಾದಿನಲ್ಲಿ, ಈಗ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಉಳಿದವು. ಜಿಲ್ಲೆಯ ಕೋರ್ಟು, ಜೈಲು, ಠಾಣೆ, ಕಲೆಕ್ಟರ ಕಚೇರಿಗಳ ಕಾಗದ ಜಿಲ್ಲೆಯಲ್ಲಿ ಉಳಿಯಿತು. ಒಂದೇ ಮೊಕದ್ದಮೆಯ ತಲೆ ಒಂದು ರಾಜ್ಯದಲ್ಲಿ, ಕಾಲು ಇನ್ನೊಂದು ರಾಜ್ಯದಲ್ಲಿ.

ಇಲ್ಲಿಯವರೆಗೆ ಹೇಳಿದ್ದು ಹಳೆಯ ಕಥೆ. ಅಪಾಯ ಇರುವುದು ಮುಂದಿನ ಎರಡು ಮೂರು ವರ್ಷಗಳಲ್ಲಿ.

ಕೇಂದ್ರ ಸರಕಾರ 2023ರ ಸೆಪ್ಟೆಂಬರಿನಲ್ಲಿ ಇ-ಕೋರ್ಟ್ಸ್ ಯೋಜನೆಯ ಮೂರನೆಯ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ನಾಲ್ಕು ವರ್ಷಕ್ಕೆ 7,210 ಕೋಟಿ ರೂಪಾಯಿ. ಅದರಲ್ಲಿ 2,038 ಕೋಟಿ ಹಳೆಯ ಮತ್ತು ಹೊಸ ಕಡತಗಳನ್ನು ಸ್ಕ್ಯಾನ್ ಮಾಡುವುದಕ್ಕೆ. ಒಳ್ಳೆಯ ಕೆಲಸ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಸ್ಕ್ಯಾನಿಂಗಿಗೆ ಗುತ್ತಿಗೆ ಹಿಡಿದವನು ಪುಟ ಲೆಕ್ಕದಲ್ಲಿ ಕೆಲಸ ಮಾಡುತ್ತಾನೆ. ಅವನ ಮುಂದೆ ಹೋಗುವುದು ಪಟ್ಟಿಯಲ್ಲಿ ನಂಬ್ರ ಇರುವ ಕಡತ. ಪಟ್ಟಿಗೆ ಸೇರದ, ಮೇಲೆ ಉರ್ದುವಿನಲ್ಲಿ ಬರೆದ, ಇಸವಿಯ ಜಾಗದಲ್ಲಿ 1358 ಎಂದಿರುವ ಬಂಡಲನ್ನು ನೋಡಿ ಹೊಸ ಗುಮಾಸ್ತ ಏನೆಂದುಕೊಳ್ಳಬೇಕು? ಮೊಘಲರ ಕಾಲದ್ದೋ ಏನೋ ಎಂದು ಪಕ್ಕಕ್ಕಿಟ್ಟರೆ ಅವನನ್ನು ಬೈಯುವಂತಿಲ್ಲ. ಸ್ಕ್ಯಾನ್ ಮುಗಿದು ರೆಕಾರ್ಡ್ ರೂಮ್ ಖಾಲಿ ಮಾಡುವ ದಿನ ಬಂದಾಗ ಮೊದಲು ಗೋಣಿಗೆ ಬೀಳುವುದು ಪಕ್ಕಕ್ಕಿಟ್ಟ ಬಂಡಲೇ.

ಗೋಣಿಗೆ ಹಾಕಲು ಕಾನೂನಿನ ಅಡ್ಡಿಯೂ ದೊಡ್ಡದಲ್ಲ. 1917ರ ದಾಖಲೆ ನಾಶ ಕಾಯಿದೆ ನ್ಯಾಯಾಲಯದ ಕಾಗದ ಎಷ್ಟು ಕಾಲ ಇಡಬೇಕು, ಯಾವಾಗ ನಾಶ ಮಾಡಬಹುದು ಎಂದು ನಿಯಮ ಮಾಡುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿದೆ. ಕೇಂದ್ರದ 1993ರ ಸಾರ್ವಜನಿಕ ದಾಖಲೆ ಕಾಯಿದೆ 1892ಕ್ಕಿಂತ ಹಿಂದಿನ ಕಾಗದವನ್ನು, ಅದು ಬಳಸಲಾಗದಷ್ಟು ಹಾಳಾಗಿದ್ದರೆ ಹೊರತು, ನಾಶ ಮಾಡಕೂಡದು ಎನ್ನುತ್ತದೆ. 1948 ಆ ಗೆರೆಯ ಈಚೆಗಿದೆ. ಪುರಾತನವೆಂದು ಗೌರವ ಸಿಗುವಷ್ಟು ಹಳೆಯದಲ್ಲ, ಚಾಲ್ತಿಯಲ್ಲಿ ಇರುವಷ್ಟು ಹೊಸತೂ ಅಲ್ಲ. ಕಾಗದ ಸಾಯುವುದು ಬಹುಪಾಲು ಇಂಥ ನಡುವಯಸ್ಸಿನಲ್ಲೇ.

ಇನ್ನೊಂದು ಗಡಿಯಾರ ಇದಕ್ಕಿಂತ ವೇಗವಾಗಿ ಓಡುತ್ತಿದೆ. ನಿಜಾಮರ ಕೋರ್ಟಿನ ಭಾಷೆ ಉರ್ದು, ಬರಹ ಶಿಕಸ್ತಾ ಎಂಬ ಮುರಿದ ಓಟದ ಕೈಬರಹ. ಅಚ್ಚಿನ ಉರ್ದು ಓದುವವರೂ ಅದರ ಮುಂದೆ ತಡವರಿಸುತ್ತಾರೆ. ಕಚೇರಿ, ದಫ್ತರ, ವಕೀಲ, ಜಾಮೀನು, ಮಹಜರು, ಮೊಕದ್ದಮೆ ಎಂದು ಆ ಭಾಷೆಯ ಅರ್ಧ ನಿಘಂಟನ್ನೇ ಕನ್ನಡ ತನ್ನದಾಗಿಸಿಕೊಂಡಿದೆ. ಆ ಪದಗಳು ಹುಟ್ಟಿದ ಕಾಗದವನ್ನು ಓದುವವರು ಮಾತ್ರ ಬೆರಳೆಣಿಕೆಗೆ ಇಳಿಯುತ್ತಿದ್ದಾರೆ. ಕಲಬುರಗಿ, ಬೀದರಿನ ಹಳೆಯ ವಕೀಲರು, ನಿವೃತ್ತ ಶಿರಸ್ತೇದಾರರು, ಉರ್ದು ಶಾಲೆಯ ಮೇಷ್ಟ್ರುಗಳು ಇನ್ನೂ ಇದ್ದಾರೆ. ಎಂಬತ್ತು ದಾಟಿದವರ ಬಳಿ ಕಾಲಾವಕಾಶ ಕೇಳುವುದು ಸಾಧ್ಯವಿಲ್ಲ.

ಕಾಗದ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. 1930ರ ಮೇ ತಿಂಗಳಲ್ಲಿ ಬ್ರಿಟಿಷರು ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಹೇರಿದರು. ಅಲ್ಲಿನ ಮಿಲಿಟರಿ ಕೋರ್ಟುಗಳ ಶಿಕ್ಷೆಯನ್ನು ಪ್ರಶ್ನಿಸಿದ ಮೊಕದ್ದಮೆ ಬಾಂಬೆ ಹೈಕೋರ್ಟಿನ ವರದಿಗಳಲ್ಲಿ ಚನ್ನಪ್ಪ ಶಾಂತಿರಪ್ಪ ಎಂಬ ಹೆಸರಿನಲ್ಲಿದೆ. ಹೆಸರು ಕೇಳಿದರೇ ನಮ್ಮ ಕಡೆಯವನೆಂದು ತಿಳಿಯುತ್ತದೆ. ದಂಡಿನ ಆಡಳಿತ ಎಲ್ಲಿಯವರೆಗೆ ಹೋಗಬಹುದು ಎಂದು ಕಾನೂನು ಓದುವ ಹುಡುಗರು ಆ ಹೆಸರಿನಿಂದಲೇ ಕಲಿಯುತ್ತಾರೆ. ಜರ್ಮನಿಯಲ್ಲಿ ನಾಜಿಗಳ ವಿಶೇಷ ನ್ಯಾಯಾಲಯಗಳು ಕೊಟ್ಟ ಅನ್ಯಾಯದ ತೀರ್ಪುಗಳನ್ನು ಅಲ್ಲಿನ ಸಂಸತ್ತು 1998ರಲ್ಲಿ ಕಾನೂನು ಮಾಡಿ ರದ್ದುಗೊಳಿಸಿತು. ಅರ್ಧ ಶತಮಾನದ ನಂತರ ಕಳಂಕ ತೊಳೆಯಬೇಕಾದರೂ ತೀರ್ಪಿನ ಕಾಗದ ಎಲ್ಲಿಯಾದರೂ ಉಳಿದಿರಬೇಕಿತ್ತು. 1945ರ ಆಗಸ್ಟಿನಲ್ಲಿ ಸೋತ ಜಪಾನೀ ಸೇನೆ ತನ್ನ ಕಾಗದಗಳನ್ನು ರಾಶಿ ಹಾಕಿ ಸುಟ್ಟಿತು. ಕಾಗದದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಬೆಲೆ ನಮ್ಮ ಊರಿನ ಕುವೈತ್ ಮನೆಗಳಿಗೂ ಗೊತ್ತು. 1990ರ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈತನ್ನು ಹಿಡಿದಾಗ ಉಟ್ಟ ಬಟ್ಟೆಯಲ್ಲಿ ಅಮ್ಮಾನಿನವರೆಗೆ ಬಂದು, ಏರ್ ಇಂಡಿಯಾ ವಿಮಾನ ಹತ್ತಿ ಮುಂಬಯಿಯಲ್ಲಿ ಇಳಿದವರು ಕಾರ್ಕಳ, ಕಾಪು, ಉಡುಪಿಯಲ್ಲಿ ಇದ್ದಾರೆ. ಆಮೇಲೆ ವಿಶ್ವಸಂಸ್ಥೆಯ ಪರಿಹಾರ ಆಯೋಗಕ್ಕೆ ಅರ್ಜಿ ಹಾಕುವಾಗ, ಅಲ್ಲಿಂದ ಹೊರಟೆವು ಎಂದು ತೋರಿಸುವ ಒಂದು ಮುದ್ರೆಗಾಗಿ ಹಳೆಯ ಪಾಸ್‌ಪೋರ್ಟಿನ ಪುಟ ಪುಟ ತಿರುವಿದವರು ಅವರು. ಕುವೈತ್ ಬಿಡುಗಡೆಯಾದ ಮೇಲೆ 1991ರಲ್ಲಿ ಅಲ್ಲಿಯೂ ಮಾರ್ಷಲ್ ಲಾ ಕೋರ್ಟುಗಳು ಕೂತವು. ಸದ್ದಾಮನ ಚಿತ್ರವಿದ್ದ ಟೀ ಶರ್ಟ್ ಹಾಕಿದ್ದಕ್ಕೆ ಒಬ್ಬನಿಗೆ 15 ವರ್ಷ ಶಿಕ್ಷೆಯಾಯಿತು. ಜಗತ್ತಿನ ಪತ್ರಕರ್ತರು ಆ ಕೋರ್ಟಿನಲ್ಲಿ ಕೂತು ಬರೆದುಕೊಂಡಿದ್ದರಿಂದ ಗದ್ದಲವೆದ್ದಿತು, ಗಲ್ಲಿನ ತೀರ್ಪುಗಳು ಜೀವಾವಧಿಯಾದವು. 1949ರ ಕಲಬುರಗಿ ಸೀಮೆಗೆ ಅಂಥ ಪತ್ರಕರ್ತರು ಸಾಲಾಗಿ ಬಂದಿರಲಿಲ್ಲ.

ಸರಕಾರ ಮಾಡಬೇಕಾದ ಕೆಲಸಕ್ಕೆ ದೊಡ್ಡ ದುಡ್ಡು ಬೇಡ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಕಲಬುರಗಿಯಲ್ಲಿ ವಿಭಾಗೀಯ ಕಚೇರಿಯಿದೆ, ಹೈಕೋರ್ಟಿನ ಪೀಠವೂ ಅಲ್ಲಿಯೇ ಇದೆ. ಕಲಬುರಗಿ, ಬೀದರ್, ರಾಯಚೂರು ಮತ್ತು ಅವುಗಳಿಂದ ಒಡೆದು ಬಂದ ಯಾದಗಿರಿ, ಕೊಪ್ಪಳಗಳಲ್ಲಿ ಫಸಲಿ 1357ರಿಂದ 1360ರವರೆಗಿನ ಒಂದು ಕಾಗದವನ್ನೂ ನಾಶಪಟ್ಟಿಗೆ ಸೇರಿಸಬಾರದು ಎಂಬ ಒಂದು ಸುತ್ತೋಲೆ ಮೊದಲು ಹೊರಡಲಿ. ಅದಕ್ಕೆ ಒಂದು ಹಾಳೆ ಸಾಕು. ಆಮೇಲೆ ಎಣಿಕೆ. ಕೋರ್ಟಿನ ರೆಕಾರ್ಡ್ ರೂಮ್, ಜೈಲಿನ ದಾಖಲಾತಿ ಪುಸ್ತಕ, ಠಾಣೆಯ ಹಳೆಯ ರಿಜಿಸ್ಟರು, ತಹಸೀಲ್ದಾರ ಕಚೇರಿಯ ಅಟ್ಟ. ಉರ್ದು ಓದುವ ಹಿರಿಯರನ್ನು ಸಂಬಳ ಕೊಟ್ಟು ಕೂರಿಸಿ, ಅವರ ಪಕ್ಕದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸದ, ಉರ್ದು ವಿಭಾಗದ ವಿದ್ಯಾರ್ಥಿಗಳನ್ನು ಕೂರಿಸಲಿ. ತೆಲಂಗಾಣ, ಮಹಾರಾಷ್ಟ್ರ ಎರಡೂ ರಾಜ್ಯಗಳಿಗೆ ಪತ್ರ ಬರೆದು ನಮ್ಮ ಜಿಲ್ಲೆಗಳ ಮೊಕದ್ದಮೆಗಳ ಪ್ರತಿ ಕೇಳಲಿ. ಮಾನಭಂಗದ ಸಾಕ್ಷಿ ಹೇಳಿದ ಹೆಂಗಸರ ಹೆಸರು ಎಲ್ಲರ ಕಣ್ಣಿಗೆ ಬೀಳಬಾರದು. ಆ ಸಾಲುಗಳನ್ನು ಮರೆಮಾಡಿದ ಪ್ರತಿಯನ್ನು ಓದುಗರಿಗೆ ಕೊಡಲಿ, ಮೂಲವನ್ನು ಕಾಯ್ದಿಡಲಿ.

ಇದರಿಂದ ಹಳೆಯ ಗಾಯ ಕೆದಕಿದಂತಾಗುತ್ತದೆ ಎಂದು ಹೇಳುವವರಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಗಾಯ ಕೆದಕುವುದು ಚುನಾವಣೆ ಬಂದಾಗ ವೇದಿಕೆಯಿಂದ ಹೇಳುವ ಅರ್ಧ ಕಥೆ. ಗೋರಟಾದ ಮನೆಯವರಿಗೆ ತಮ್ಮವರನ್ನು ಕೊಂದವರ ವಿಚಾರಣೆ ಏನಾಯಿತೆಂದು ತಿಳಿಯುವ ಹಕ್ಕಿದೆ. ಅದೇ ಸೀಮೆಯಲ್ಲಿ ರಜಾಕಾರನೆಂಬ ಹೆಸರು ಹೊತ್ತು ಸತ್ತವನ ಮೊಮ್ಮಗನಿಗೂ, ನನ್ನ ಅಜ್ಜ ನಿಜವಾಗಿ ಮಾಡಿದನೋ ಇಲ್ಲವೋ ಎಂದು ಕಾಗದ ನೋಡುವ ಹಕ್ಕಿದೆ. ಇಬ್ಬರೂ ನೋಡಬೇಕಾದ್ದು ಒಂದೇ ಬಂಡಲನ್ನು.

ಬೆಳ್ಮಣ್ಣಿನಲ್ಲಿ ಕೂತು ಬೀದರಿನ ಬಗ್ಗೆ ಏಕೆ ಬರೆಯಬೇಕು ಎಂದು ಕೇಳಿದರೆ, ಮಣಿಪಾಲದಲ್ಲಿ ಏಳುತ್ತಿರುವ ಯಾವ ಕಟ್ಟಡದ ಕೆಳಗಾದರೂ ನಿಂತು ಕೆಲಸದವರ ಊರು ಕೇಳಿ. ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳ ಎಂಬ ಉತ್ತರ ಬರುತ್ತದೆ. ಅವರ ಮಕ್ಕಳು ನಮ್ಮ ಶಾಲೆಗಳಲ್ಲಿ ಓದುತ್ತಿದ್ದಾರೆ.

ಪ್ರತಿ ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ದಿನದಂದು ಕಲಬುರಗಿಯಲ್ಲಿ ಬಾವುಟ ಏರುತ್ತದೆ, ಭಾಷಣ ನಡೆಯುತ್ತದೆ. ಬರುವ ಸೆಪ್ಟೆಂಬರ್ 17ರ ಒಳಗೆ ಆ ಸುತ್ತೋಲೆ ಹೊರಡಬೇಕು. ಓದುಗರಲ್ಲಿಯೂ ಒಂದು ಬೇಡಿಕೆ ಇದೆ. ನಿಮ್ಮ ಮನೆಯಲ್ಲಿ, ಪರಿಚಯದ ವಕೀಲರ ಮನೆಯಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಉರ್ದು ಬರಹದ, ಫಸಲಿ ಇಸವಿಯ ಕಾಗದ ಕಂಡರೆ ರದ್ದಿಗೆ ಹಾಕಬೇಡಿ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದು, ಕಾಗದವನ್ನು ಒಣ ಬಟ್ಟೆಯಲ್ಲಿ ಸುತ್ತಿಟ್ಟು, ರಾಜ್ಯ ಪತ್ರಾಗಾರಕ್ಕೆ ಒಂದು ಪತ್ರ ಬರೆಯಿರಿ.